ಮೂರನೇ ಹಾಡು ಮುಗಿದ ಮೇಲಿನ ಕೂಗು

ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ತಗಡಿನ ಛತ್ತಿನ ಒಂದು ಸಣ್ಣ ಅಂಗಡಿಯಿದೆ. ಬೋರ್ಡಿನ ಮೇಲೆ ‘ಸ್ಟುಡಿಯೋ’ ಅಂತ ಬರೆದಿದ್ದರೂ ಒಳಗೆ ಇರುವುದು ಒಂದು ಕಂಪ್ಯೂಟರು, ಒಂದು ಮೈಕು, ಕ್ಯಾಸೆಟ್ಟು ರೆಕಾರ್ಡು ಹಚ್ಚುವ ಹಳೇ ಯಂತ್ರ, ಎರಡು ಕುರ್ಚಿ. ಅದರ ಯಜಮಾನ ಗಬ್ಬೂರಿನ ಯಲ್ಲಾಲಿಂಗ. ಅಪ್ಪ ಅವ್ವ ಕಂಡವರ ಹೊಲದಲ್ಲಿ ದುಡಿದವರು. ಇವನು ಮೈಕ್ ಸೆಟ್ಟಿನವರ ಹಿಂದೆ ಮದುವೆ, ಮೊಹರಂ, ಜಯಂತಿ ಎಂದು ಊರೂರು ತಿರುಗಿ, ವೈರು ಎಳೆಯುತ್ತಲೇ ಕಸುಬು ಕಲಿತ. ನಾನು ಅವನ ಅಂಗಡಿಯ ಚಹಾದ ಗಿರಾಕಿ. ಆದ್ದರಿಂದ ಈ ಕಥೆ ನನಗೆ ಅವನ ಬಾಯಿಂದಲೇ ಗೊತ್ತು.

ಹಳೇ ಕ್ಯಾಸೆಟ್ಟು, ರೆಕಾರ್ಡುಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಡುವುದು ಅವನ ಕೆಲಸ. ಬಾಗಲವಾಡದ ಭಜನೆ ಮಂಡಳಿಯವರು ಬರುತ್ತಾರೆ, ಕುರ್ಡಿಯಿಂದ ತತ್ವಪದದವರು ಬರುತ್ತಾರೆ. ಕೆಮ್ಮು, ಸೀನು, ನಾಯಿಯ ಬೊಗಳಾಟ, ಕೂಸಿನ ಅಳು, ಎಲ್ಲವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುತ್ತಾನೆ. ಕೆಲಸ ಮುಗಿದ ಕೂಡಲೇ ಮೊದಲು ಇಳಿಸಿಕೊಂಡಿದ್ದನ್ನು ಅಳಿಸಿಬಿಡುವುದು ಅವನ ಪದ್ಧತಿ. ಇಟ್ಟುಕೊಂಡರೆ ಗಿರಾಕಿಗಳು ಎರಡನ್ನೂ ಹೋಲಿಸಿ ತಕರಾರು ತೆಗೆಯುತ್ತಾರಂತೆ. ತನ್ನ ಕೈ ಬಹಳ ಸ್ವಚ್ಛ ಎಂದು ಅವನಿಗೆ ಜಂಬವಿತ್ತು, ಅದನ್ನು ಉಬ್ಬಿಸಿದವರಲ್ಲಿ ನಾನೂ ಒಬ್ಬ.

ಹೋದ ಬೇಸಿಗೆಯಲ್ಲಿ ಮಾನ್ವಿಯ ಜಯಾಬಾಯಿ ಬಂದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಬಟ್ಟೆಯಲ್ಲಿ ಸುತ್ತಿ ತಂದಿದ್ದು ಒಂದೇ ಒಂದು ಗ್ರಾಮಫೋನ್ ರೆಕಾರ್ಡು. ಅವರಣ್ಣ ವಾದಿರಾಜ ಅರವತ್ತರ ದಶಕದಲ್ಲಿ ಮಿಲ್ಲಿನ ಯಂತ್ರಗಳ ಕೆಲಸ ಕಲಿಯಲು ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿ ಒಂದು ನೆಲಮಾಳಿಗೆಯ ನೈಟ್ ಕ್ಲಬ್ಬು, ಶನಿವಾರಕ್ಕೊಮ್ಮೆ ರಾಕ್ ಅಂಡ್ ರೋಲ್. ಒಂದು ಶನಿವಾರದ ಕುಣಿತ, ಕೂಗಾಟ, ಗಾಜಿನ ಲೋಟಗಳ ಸದ್ದು ಸಮೇತ ಆ ಕ್ಲಬ್ಬಿನವರೇ ರೆಕಾರ್ಡು ಮಾಡಿ, ಬಂದುಹೋಗುವವರಿಗಷ್ಟೇ ಮಾರಿದ್ದರು. ಮಡಿ ಮನೆಯ ಹುಡುಗ ಅಂಥ ಕಡೆ ಹೋಗಿದ್ದನೆಂದು ತಂದೆ ಅದನ್ನು ಅಟ್ಟಕ್ಕೆ ಹಾಕಿಸಿದ್ದರಂತೆ. ಅದಕ್ಕೂ ಮೊದಲು ಜಯಾಬಾಯಿ ಅಣ್ಣನ ಜೊತೆ ಕೂತು ಅದನ್ನು ಒಂದೆರಡು ಸಲ ಕೇಳಿದ್ದರು. ವಾದಿರಾಜರು ತೀರಿಕೊಂಡು ಮೂವತ್ತು ವರ್ಷವಾಗಿತ್ತು.

“ಅದರಾಗಿಂದು ಏನೂ ಬಿಡಬ್ಯಾಡ ತಮ್ಮಾ,” ಎಂದು ಹೇಳಿ ಹೋದರು.

ಇವನು ಒಂದು ಹಾಡನ್ನೂ ಬಿಡಲಿಲ್ಲ. ಆದರೆ ಅಂಥ ಗದ್ದಲದ ರೆಕಾರ್ಡನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಚಪ್ಪಾಳೆ, ಶಿಳ್ಳೆ, ಕೂಗು, ಕುರ್ಚಿ ಎಳೆದಾಟ, ಹಾಡುಗಾರ ನಡುವೆ ಯಾರೊಂದಿಗೋ ಜಗಳಕ್ಕೆ ನಿಂತಂತೆ ಮಾತು. ಪಾಪ, ವಯಸ್ಸಾದ ಹೆಣ್ಣುಮಗಳು ಇದನ್ನೆಲ್ಲ ಹೇಗೆ ಕೇಳಿಯಾಳು ಎಂದು ಕೂತು ಎಲ್ಲವನ್ನೂ ಕತ್ತರಿಸಿದ. ಕ್ಲಬ್ಬು ಹೋಯಿತು, ಜನ ಹೋದರು, ಖಾಲಿ ಕೋಣೆಯಲ್ಲಿ ಹಾಡಿದಂಥ ಹಾಡುಗಳು ಉಳಿದವು. ರೂಢಿಯಂತೆ ಮೊದಲಿನದನ್ನು ಅಳಿಸಿದ. ರೆಕಾರ್ಡನ್ನು ಕಿಟಕಿಗೆ ಒರಗಿಸಿಟ್ಟ. ರಾಯಚೂರಿನ ಮೇ ತಿಂಗಳ ಬಿಸಿಲು, ಮೇಲೆ ತಗಡು. ಎರಡೇ ದಿನದಲ್ಲಿ ಅದು ಹಪ್ಪಳದಂತೆ ಸೊಟ್ಟಗಾಯಿತು. ಹೆದರುತ್ತಲೇ ತಿಳಿಸಿದರೆ ಜಯಾಬಾಯಿ, ಹೋಗಲಿ ಬಿಡು, ಪೆನ್ ಡ್ರೈವಿನಲ್ಲಿ ಎಲ್ಲ ಇದೆಯಲ್ಲ ಎಂದರು.

ವಾರದ ನಂತರ ಅವರ ಫೋನು ಬಂತು. ಬೈಗುಳಕ್ಕಲ್ಲ, ಸಂಕೋಚದಿಂದಲೇ ಮಾತಾಡಿದರು.

“ಮೂರನೇ ಹಾಡು ಮುಗದ ಮ್ಯಾಲೆ ನಮ್ಮಣ್ಣ ಕನ್ನಡದಾಗ ಕೂಗತಾನ, ಇನ್ನೊಂದು ಹಾಡ್ರಪ್ಪಾ ಅಂತ. ಅದು ಕೇಳವಲ್ದು ತಮ್ಮಾ. ನಾನು ಫೋನಿಗೆ ಹಾಕ್ಕೊಂಡು ಕೇಳೀನಿ, ಫೋನಿಂದೇ ಏನರ ತಪ್ಪದ ಏನು? ಅವನ ದನಿ ಅಂತ ನಮ್ಮ ಹತ್ರ ಇರೋದು ಅದೊಂದs.”

ಆ ಕೂಗು ಯಲ್ಲಾಲಿಂಗನಿಗೆ ನೆನಪಿತ್ತು. ಗದ್ದಲದಲ್ಲಿ ಕನ್ನಡವೆಂದು ತಿಳಿಯದೆ, ಯಾರೋ ಕುಡಿದವನ ಒದರಾಟ ಎಂದು ಮೊದಲು ತೆಗೆದದ್ದೇ ಅದನ್ನು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಫೋನಿನ ಸ್ಪೀಕರ್ ಸಣ್ಣದು, ದನಿ ಸರಿಮಾಡಿ ತರುತ್ತೇನೆ ಎಂದುಬಿಟ್ಟ. ಹಾಗಾದರೆ ಭಾನುವಾರ ದೊಡ್ಡ ಸ್ಪೀಕರ್ ತೆಗೆದುಕೊಂಡು ಮನೆಗೇ ಬಾ, ಅಣ್ಣ ಬದುಕಿದ್ದರೆ ಅವತ್ತಿಗೆ ಎಂಬತ್ತು ತುಂಬುತ್ತಿತ್ತು, ಮನೆಯವರೆಲ್ಲ ಸೇರುತ್ತೇವೆ ಎಂದರು ಅವರು.

ಅಳಿಸಿದ್ದನ್ನು ಹುಡುಕಿದ, ಸಿಗಲಿಲ್ಲ. ಇಂಟರ್‌ನೆಟ್ಟೆಲ್ಲ ಜಾಲಾಡಿದ, ಅಂಥ ರೆಕಾರ್ಡು ಇದ್ದ ಸುಳಿವೇ ಇಲ್ಲ. ಶನಿವಾರ ಮಧ್ಯಾಹ್ನ ಶಟರ್ ಎಳೆದು, ಮೈಕಿನ ಮುಂದೆ ನಿಂತು, “ಇನ್ನೊಂದು ಹಾಡ್ರಪ್ಪಾ” ಎಂದು ತಾನೇ ಕೂಗಿದ. ದನಿಯನ್ನು ಸಣ್ಣದು ಮಾಡಿದ, ದೂರಕ್ಕೆ ತಳ್ಳಿದ, ಮೇಲೆ ಸ್ವಲ್ಪ ಗರಗರ ಹಚ್ಚಿದ. ಚಪ್ಪಾಳೆ ಬೇಕಲ್ಲ, ಕೆಲಸ ಮುಗಿಯದೆ ಕಂಪ್ಯೂಟರಿನಲ್ಲಿ ಇನ್ನೂ ಉಳಿದಿದ್ದ ಬಾಗಲವಾಡದ ಭಜನೆಯವರ ಚಪ್ಪಾಳೆ ಸೇರಿಸಿದ. ಇದನ್ನು ನನಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಾನೂ ನಗಲಿಲ್ಲ, ನಗುವ ಮಾತಾಗಿದ್ದರೂ.

ಭಾನುವಾರ ಮಾನ್ವಿಯ ಮನೆಯಲ್ಲಿ ಅವನನ್ನು ಪಡಸಾಲೆಯಲ್ಲಿ ಎಲ್ಲರ ನಡುವೆ ಕುರ್ಚಿ ಹಾಕಿ ಕೂಡಿಸಿದರು. ಗಬ್ಬೂರಿನ ಅವನ ಅಪ್ಪನನ್ನು ಅಂಥ ಮನೆಯವರು ಕಟ್ಟೆಯ ಮೇಲೂ ಕರೆದಿರಲಿಲ್ಲ. ಇವನಿಗೆ ಚಹಾ ಬಂತು, ಉಂಡಿ ಬಂತು. ಈ ಮರ್ಯಾದೆಗೆ ನಾನು ಕೊಡುವುದು ಇದನ್ನೇ ಎಂದುಕೊಂಡು ಅವನು ಕುಗ್ಗಿಹೋದ.

ಮೂರನೇ ಹಾಡು ಮುಗಿಯಿತು. ಕೂಗು ಬಂತು. ಜಯಾಬಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತರು. “ನೋಡ್ರಿ, ನಮ್ಮಣ್ಣ,” ಎಂದು ಬಂದ ಒಬ್ಬೊಬ್ಬರಿಗೂ ತೋರಿಸಿದರು, ಸ್ಪೀಕರಿನೊಳಗೆ ಮನುಷ್ಯ ಕೂತಿರುವ ಹಾಗೆ. ಯಲ್ಲಾಲಿಂಗ ತಲೆ ತಗ್ಗಿಸಿದ್ದನ್ನು ಅವರೆಲ್ಲ ವಿನಯ ಎಂದುಕೊಂಡರು.

ವೈರಿನ ನೆಪ ಮಾಡಿ ಅವನು ಅಂಗಳಕ್ಕೆ ಎದ್ದುಹೋದ. ಹಿಂದೆಯೇ ವಾದಿರಾಜರ ಹೆಂಡತಿ ಶ್ರೀಲಕ್ಷ್ಮೀ ಬಂದರು. ಅಲ್ಲಿಯತನಕ ಮೂಲೆಯಲ್ಲಿ ಕೂತಿದ್ದವರು.

“ಅದು ಅವರ ದನಿ ಅಲ್ಲ. ಯಾರದಪ್ಪಾ?”

“ನಂದ್ರೀ ಯವ್ವಾ.” ನಡೆದದ್ದನ್ನೆಲ್ಲ ಹೇಳಿದ. ಒಳಗೆ ಹೋಗಿ ಎಲ್ಲರ ಮುಂದೆ ಒಪ್ಪಿಕೊಂಡುಬಿಡುತ್ತೇನೆ ಎಂದ. ಅವರು ಬೈಯುತ್ತಾರೆಂದು ಕಾದ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಆಕಿಗೆ ಹೇಳಬ್ಯಾಡ,” ಎಂದರು ಶ್ರೀಲಕ್ಷ್ಮೀ. ಸೆರಗಿನಿಂದ ಮುಖ ಒರೆಸಿಕೊಂಡರು. “ನಾನೂ ಇವತ್ತು ಅವರ ದನಿ ಕೇಳಬೇಕಂತs ಕೂತಿದ್ದೆ.”

ಒಳಗಿನಿಂದ ಜಯಾಬಾಯಿ, ತಮ್ಮಾ, ಅದೊಂದನ್ನು ಇನ್ನೊಮ್ಮೆ ಹಚ್ಚು ಎಂದು ಕರೆದರು. ಯಲ್ಲಾಲಿಂಗ ಹೋಗಿ ಹಚ್ಚಿದ. ಶ್ರೀಲಕ್ಷ್ಮೀ ಬಂದು ನಾದಿನಿಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. ಯಲ್ಲಾಲಿಂಗನ ದನಿ ಇಡೀ ಪಡಸಾಲೆಗೆ ಕೇಳುವಂತೆ ಕೂಗಿತು.

“ವೈನೀ, ಅಣ್ಣಂದs ಅಲ್ಲಾ?” ಎಂದರು ಜಯಾಬಾಯಿ.

“ಹೌದು ಜಯಾ,” ಎಂದರು ಶ್ರೀಲಕ್ಷ್ಮೀ. “ಅವರದs.”