ಮಂಗಳೂರಿಗೆ ಹೊರಟ ಉಪ್ಪಿನಕಾಯಿ ಡಬ್ಬ

ಆ ಕಾಲದಲ್ಲಿ ಬಾಳೆಹೊನ್ನೂರಿನಿಂದ ದುಬೈಗೆ ಹೊರಟವರ ಉಪ್ಪಿನಕಾಯಿ ಡಬ್ಬಗಳಿಗೆಲ್ಲ ಜಲಾಲುದ್ದೀನ್ ಸಾಬರದೇ ಬೆಸುಗೆ. ಅವರು ಮುಚ್ಚಿದ ಡಬ್ಬ ವಿಮಾನದಿಂದ ಬಿದ್ದರೆ ಮರಳುಗಾಡಿನಲ್ಲಿ ಬಾವಿಯಾಗುತ್ತಿತ್ತೇ ಹೊರತು ಒಂದು ಹನಿ ರಸ ಸೋರುತ್ತಿರಲಿಲ್ಲ. ಅವರ ಅಂಗಡಿಯಲ್ಲಿ ಹೊಗೆ ಎದ್ದರೆ ಯಾರೋ ಪರದೇಶಕ್ಕೆ ಹೊರಟರೆಂದು ಪೇಟೆಯೇ ಬೀಳ್ಕೊಡಲು ಬರುತ್ತಿತ್ತು.

ಎಂಬತ್ತಾರನೇ ಇಸವಿಯಲ್ಲಿ ಕಚ್ಚಾ ಎಣ್ಣೆಯ ಬೆಲೆ ಬಿದ್ದು ದುಬೈಯಲ್ಲಿ ಕಟ್ಟಡದ ಕೆಲಸಗಳು ನಿಂತವು. ಹೋದವರು ವಾಪಸು ಬಂದರು. ಹೊರಡಬೇಕಿದ್ದವರು ಮಂಗಳೂರಿನ ಕಡೆ ತಿರುಗಿದರು. ಸಾಬರ ಅಳಿಯ ಯಾಕೂಬನೂ ಕೆಲಸ ಕಳೆದುಕೊಂಡು ಬಂದ. ಮಂಗಳೂರಿನ ಬಂದರಿನಲ್ಲಿ ಕೆಲಸ ಸಿಕ್ಕಿದರೂ ನಾಚಿಕೆಯಿಂದ ಹೊಸಿಲು ದಾಟಲೊಲ್ಲ.

ಸಾಬರು ಒಲೆಯನ್ನು ರಸ್ತೆಗೇ ತಂದು ಅಳಿಯನ ಉಪ್ಪಿನಕಾಯಿ ಡಬ್ಬ ಮುಚ್ಚಲು ಕೂತರು.

"ಇದೆಂತ ಸಾಬ್ರೇ, ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರಿಗೂ ಬೆಸುಗೆಯಾ?" ಎಂದು ಪಕ್ಕದ ಅಂಗಡಿಯ ನಾನು ಕೇಳಿದೆ.

"ದುಬೈಗೆ ಹೋಗುವಾಗ ಊರೇ ಬಂದಿತ್ತು. ಈಗ ಕಳ್ಳನ ಹಾಗೆ ಒಬ್ಬನೇ ಬಸ್ ಹತ್ತಬೇಕಾ? ನೀನು ಸುಮ್ನೆ ಒಲೆಗೆ ಗಾಳಿ ಹಾಕು ಮಾರಾಯ."

ಹಾಕಿದೆ. ಎದ್ದ ಹೊಗೆ ನೋಡಿ ಶೃಂಗೇರಿಯವರು ಮೋಡ ಕವಿಯಿತೆಂದು ಬಟ್ಟೆ ಒಳಗೆ ತಂದರಂತೆ. ಮರುದಿನ ಬೆಳಿಗ್ಗೆ ಜನ ಯಾಕೂಬನ ಮನೆಬಾಗಿಲಿಗೇ ಬಂದು ಟ್ರಂಕು ಹೊತ್ತರು.

"ಯಾಕೂಬಣ್ಣ, ಬರುವಾಗ ಮೀನು ತಗೊಂಡು ಬಾ!"

"ಬಂಗುಡೆಯಾ, ತಿಮಿಂಗಿಲವಾ?" ಎಂದು ಯಾಕೂಬ ನಗುತ್ತಾ ಹೊಸಿಲು ದಾಟಿದ.