ತಟ್ಟೆಯಷ್ಟಿದ್ದ ತೂತು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಆ ಹೆಸರು ಹಿಡಿದು ಕೂಗುವವರು ಯಾರೂ ಇಲ್ಲ. ಹದಿನೆಂಟು ವರ್ಷ ತಲೆಯ ಮೇಲೆ ಗಾರೆ ತುಂಬಿದ ಕಬ್ಬಿಣದ ಬಾಂಡ್ಲಿ ಹೊತ್ತವಳು, ಹಾಗಾಗಿ ಬಾಂಡ್ಲಿ ಅಕ್ಕ. ಮೇಸ್ತ್ರಿ ಅವಳ ಸ್ವಂತ ಅಕ್ಕನ ಗಂಡ. ಮನೆಯಲ್ಲಿ ಭಾವ, ಕೆಲಸದ ಜಾಗದಲ್ಲಿ ಮೇಸ್ತ್ರಿ. ದಿನಾ ಬೆಳಿಗ್ಗೆ ಮರಳು, ಸಿಮೆಂಟು ಬೆರೆಸಿ, ನೀರಿನ ಚೆಂಬು ಹಿಡಿದು ಅವಳು ಕೇಳುವುದು ಒಂದೇ ಮಾತು.

"ಎಷ್ಟು ಗಟ್ಟಿ ಇರ್ಲಿ, ಮೇಸ್ತ್ರಿ?"

ಅವರು ಗೋಡೆಯ ಕಡೆಯಿಂದ ಮುಖ ತಿರುಗಿಸದೆಯೇ ಉತ್ತರ ಕೊಡುತ್ತಿದ್ದರು. ಆ ಉತ್ತರ ಅವಳಿಗೆ ಮೊದಲೇ ಗೊತ್ತಿರುತ್ತಿತ್ತು. ಆದರೂ ಕೇಳುವವಳು ಕೇಳಬೇಕು, ಹೇಳುವವರು ಹೇಳಬೇಕು, ಅದು ಕೆಲಸದ ಮರ್ಯಾದೆ. ಊಟದ ಹೊತ್ತಿನಲ್ಲಿ ಮಾತ್ರ ಅವಳು ಮೆಲ್ಲಗೆ ಕರಣೆ ಎತ್ತಿಕೊಂಡು ಮೆಟ್ಟಿಲ ಕೆಳಗೆ, ತೊಟ್ಟಿಯ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಗಳಿಗೆ ಗಾರೆ ಬಳಿದು ಬಳಿದು ಕೈ ಪಳಗಿಸಿಕೊಂಡಳು. ಮೇಸ್ತ್ರಿ ಕಂಡೂ ಕಾಣದ ಹಾಗೆ ಇದ್ದರು.

ಹೋದ ತಿಂಗಳು ಮೇಸ್ತ್ರಿಗೆ ಸೊಂಟ ಹಿಡಿಯಿತು. ಅದೇ ವಾರ ಟೈಲರಪ್ಪನ ಅಂಗಡಿಯ ನಿಲುವುಗನ್ನಡಿ ಮೊಳೆ ಸಮೇತ ಕಿತ್ತುಕೊಂಡು, ಜೊತೆಗೆ ತಟ್ಟೆಯಷ್ಟು ಗಾರೆಯನ್ನೂ ಎಳೆದುಕೊಂಡು, ಬಟ್ಟೆಯ ರಾಶಿಯ ಮೇಲೆ ಬಿತ್ತು. ಕನ್ನಡಿ ಒಡೆಯಲಿಲ್ಲ, ಪುಣ್ಯ. ಮೇಸ್ತ್ರಿ ಮಲಗಿದಲ್ಲಿಂದಲೇ ನಾದಿನಿಯನ್ನು ಕರೆದರು.

"ಆ ಗೋಡೆ ನೀನೇ ಮುಗಿಸಮ್ಮ. ನೆಟ್ಟಗೆ ಬಂತಾ, ಇನ್ಮೇಲೆ ರಿಪೇರಿ ಕೆಲಸಕ್ಕೆಲ್ಲ ನೀನೇ ಮೇಸ್ತ್ರಿ. ಬರ್ಲಿಲ್ವಾ, ಬಾಂಡ್ಲಿ ಎಲ್ಲಿಗೂ ಓಡಿಹೋಗಿಲ್ಲ."

ಅವಳಿಗೆ ಅವತ್ತು ಊಟ ಸೇರಲಿಲ್ಲ. ಮೇಸ್ತ್ರಿ ಆಗುವ ಆಸೆ ಎಷ್ಟೋ ವರ್ಷದಿಂದ ಇತ್ತು; ಅಕ್ಕನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಮಾರನೇ ದಿನ ಹೋದವಳೇ ಗೋಡೆಗೆ ಕಿವಿ ಕೊಟ್ಟು ಬೆರಳ ಗೆಣ್ಣಿನಿಂದ ಬಡಿದಳು. ಇಟ್ಟಿಗೆಗೆ ಕಚ್ಚಿಕೊಂಡ ಗಾರೆ ಟಕ್ ಅನ್ನುತ್ತದೆ. ಒಳಗೊಳಗೇ ಬಿಟ್ಟುಕೊಂಡದ್ದು ಡಬ್ ಅನ್ನುತ್ತದೆ. ತೂತಿನ ಸುತ್ತ ಮೊಳದುದ್ದಕ್ಕೂ ಡಬ್ ಡಬ್. ಯಾವಾಗಲೋ ಪೈಪು ಸೋರಿ ಗೋಡೆ ನೀರು ಕುಡಿದಿತ್ತು. ಅವಳು ಉಳಿ, ಸುತ್ತಿಗೆ ಹಿಡಿದು ಕೆಡವುತ್ತಾ ಹೋದಳು. ತಟ್ಟೆ ಹೋಗಿ ಪರಾತವಾಯಿತು, ಪರಾತ ಹೋಗಿ ಚಾಪೆಯಾಯಿತು. ಟೈಲರಪ್ಪನ ಮಷೀನು ನಿಂತಿತು.

"ಏನಮ್ಮಾ ಇದು? ತೂತು ಮುಚ್ಚು ಅಂದ್ರೆ ಬಾಗಿಲು ತೆಗೀತಾ ಇದ್ದೀಯಲ್ಲ."

"ಟೈಲರಪ್ಪ, ಪ್ಯಾಂಟಿನ ಮೊಣಕಾಲು ಹರಿದ್ರೆ ತೇಪೆ ಹಾಕ್ತೀರಲ್ಲ, ಸವೆದ ಬಟ್ಟೆಗೇ ಹೊಲೀತೀರಾ?"

"ಸವೆದದ್ದು ಕತ್ತರಿಸಿ, ಗಟ್ಟಿ ಬಟ್ಟೆಗೆ ಸೇರಿಸಿ ಹೊಲೀತೀನಿ. ಅದು ಬೇರೆ."

"ಏನೂ ಬೇರೆ ಅಲ್ಲ."

ಟೈಲರಪ್ಪನ ಮನಸ್ಸು ಒಪ್ಪಬೇಕಲ್ಲ. ಅಂಗಡಿ ಹೊರಗೆ ನಿಂತು ಮೇಸ್ತ್ರಿಗೆ ಫೋನ್ ಮಾಡಿದ. ಗುಟ್ಟಾಗಿ ಮಾತಾಡುವುದು ಆ ಪುಣ್ಯಾತ್ಮನಿಗೆ ಹುಟ್ಟಿದಾಗಿನಿಂದ ಬಂದಿಲ್ಲ. "ಬೇಗ ಬನ್ನಿ ಮೇಸ್ತ್ರಿ, ನಿಮ್ಮ ನಾದಿನಿ ನನ್ನ ಗೋಡೆ ನುಂಗ್ತಾ ಇದಾಳೆ" ಎಂದದ್ದು ಒಳಗಿದ್ದವಳಿಗೂ ಕೇಳಿಸಿತು, ಎದುರು ಅಂಗಡಿಯವರಿಗೂ ಕೇಳಿಸಿತು.

ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ಅಂಗಡಿಯ ಕಿಟಕಿಯ ಚೌಕಟ್ಟಿನ ಪಕ್ಕ ಇನ್ನೊಂದು ಗೇಣು ಜಾಗ ಉಳಿದಿತ್ತು. ಬಡಿದಳು, ಡಬ್ ಅಂದಿತು. ಇನ್ನೊಮ್ಮೆ ಬಡಿದಳು, ಗೋಡೆ ಮಾತು ಬದಲಾಯಿಸಲಿಲ್ಲ. ಒಳಗೆ ಬಂದ ಟೈಲರಪ್ಪನ ಮುಖ ನೋಡಿದಳು, ಉಳಿ ಕೆಳಗಿಟ್ಟಳು. ಇದೊಂದು ಗೇಣು ಏನು ಮಹಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೇಸ್ತ್ರಿ ಸೊಂಟಕ್ಕೆ ಟವೆಲು ಬಿಗಿದುಕೊಂಡು ಆಟೋದಲ್ಲಿ ಬಂದಿಳಿದರು. ಟೈಲರಪ್ಪ ದೂರು ಶುರು ಮಾಡುವ ಮೊದಲೇ ಕೈ ಎತ್ತಿ ಸುಮ್ಮನಿರಿಸಿ, ತೂತಿನ ಸುತ್ತ ಬಡಿಯುತ್ತಾ ಬಂದರು. ಟಕ್, ಟಕ್, ಟಕ್. ಕಿಟಕಿಯ ಪಕ್ಕ ಡಬ್ ಅಂದಿತು. ಅವರು ಅಲ್ಲೇ ನಿಂತರು.

"ಇದು ಕೇಳಿಸ್ಲಿಲ್ವಾ?"

ಕೇಳಿಸಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ.

"ಕೇಳಿಸ್ತು, ಮೇಸ್ತ್ರಿ. ಇವರು ಬೈತಾರೆ ಅಂತ ಬಿಟ್ಟೆ."

ಹೇಳಿ ತಲೆ ತಗ್ಗಿಸಿದಳು. ಮೂಲೆಯಲ್ಲಿ ಬಾಂಡ್ಲಿ ಬಿದ್ದಿತ್ತು, ಅದನ್ನೇ ನೋಡಿದಳು.

ಮೇಸ್ತ್ರಿ ಟೈಲರಪ್ಪನ ಕಡೆ ತಿರುಗಿದರು. "ತೂತು ಸಾಲದು," ಎಂದರು.

ಟೈಲರಪ್ಪ ಕೈಗೆ ಸಿಕ್ಕಿದ ಸ್ಟೂಲಿನ ಮೇಲೆ ಕುಸಿದು ಕೂತ.

"ಕಿವಿ ಸರಿಯಾಗಿದೆ," ಎಂದರು ಮೇಸ್ತ್ರಿ ನಾದಿನಿಗೆ. "ಧೈರ್ಯಾನೇ ಸ್ವಲ್ಪ ಕಮ್ಮಿ. ಗೋಡೆ ಒಂದು ಹೇಳಿ, ಮನೆಯವರು ಒಂದು ಹೇಳಿದ್ರೆ ಗೋಡೆ ಮಾತೇ ಕೇಳ್ಬೇಕು."

ಅವರ ಮಾತು ಮುಗಿಯುವಷ್ಟರಲ್ಲಿ ಅವಳು ಉಳಿ ಎತ್ತಿಕೊಂಡಿದ್ದಳು. ಎರಡೇ ಏಟಿಗೆ ಆ ಗೇಣು ಗಾರೆ ಇಡಿಯಾಗಿ ಕೈಗೆ ಬಂತು. ಟೈಲರಪ್ಪನಿಗೆ ತೋರಿಸಿದಳು, ಬೆನ್ನ ಕಡೆ ಬರೀ ಪುಡಿ. ಅವನು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಸವೆದುಹೋಗಿದೆ," ಎಂದು ಒಪ್ಪಿಕೊಂಡ. ಆಮೇಲೆ ಮಷೀನು ಮತ್ತೆ ಓಡಿತು.

ಅವಳು ಅಂಚನ್ನು ನೇರವಾಗಿ ಕತ್ತರಿಸಿದಳು, ಬ್ರಷ್ಷಿನಿಂದ ಧೂಳು ಗುಡಿಸಿದಳು, ಇಟ್ಟಿಗೆಗೆ ನೀರು ಎರಚಿದಳು. ಒಣಗಿದ ಇಟ್ಟಿಗೆ ಗಟಗಟ ಕುಡಿಯಿತು. ಇನ್ನು ಗಾರೆ ಕಲಸಬೇಕು ಎಂದುಕೊಳ್ಳುವಾಗ ಬೆನ್ನ ಹಿಂದೆ ಕಬ್ಬಿಣ ಎಳೆದ ಸದ್ದಾಯಿತು. ಮೇಸ್ತ್ರಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಮೆಲ್ಲಗೆ ಕೂತು, ಬಾಂಡ್ಲಿಯನ್ನು ಕಾಲ ಹತ್ತಿರ ಎಳೆದುಕೊಂಡು, ಮರಳಿಗೆ ಸಿಮೆಂಟು ಬೆರೆಸುತ್ತಿದ್ದರು. ಬೆರೆಸಿ ಮುಗಿಸಿ ನೀರಿನ ಚೆಂಬು ಎತ್ತಿದರು.

"ಎಷ್ಟು ಗಟ್ಟಿ ಇರ್ಲಿ, ಮೇಸ್ತ್ರಿ?"

ಅವಳು ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ತಿರುಗಿಸಿದ್ದರೆ ಕಣ್ಣು ತುಂಬಿದ್ದು ಭಾವನಿಗೆ ಕಂಡುಬಿಡುತ್ತಿತ್ತು.

"ಮೊದಲನೇ ಪದರ," ಎಂದಳು. "ಒಂಚೂರು ಗಟ್ಟೀನೇ ಇರ್ಲಿ."