ಬೀರಪ್ಪನ ಬೆನ್ನಿನ ನಾಲ್ಕು ಸ್ಕ್ರೂ

2003ರಲ್ಲಿ ನಾನು ಮೂಳೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ವಿದ್ಯಾರ್ಥಿ. ಬೆನ್ನುಮೂಳೆ ಮುರಿದವರಿಗೆ ಹಾಕುವ ಎರಡು ಬಗೆಯ ಸ್ಕ್ರೂಗಳ ಹೋಲಿಕೆ ನನ್ನ ಪ್ರಬಂಧದ ವಿಷಯ. ಮೋನೋಆಕ್ಸಿಯಲ್ ಸ್ಕ್ರೂವಿನ ತಲೆ ಅಲುಗದು; ಕುಸಿದ ಮೂಳೆಯನ್ನು ಎತ್ತಿ ಹಿಡಿಯಲು ಗಟ್ಟಿ, ಆದರೆ ಸ್ಕ್ರೂಗಳನ್ನು ಒಂದಕ್ಕೊಂದು ಜೋಡಿಸುವ ಸರಳನ್ನು ಅದರಲ್ಲಿ ಕೂರಿಸುವುದು ಕಷ್ಟ. ಪಾಲಿಆಕ್ಸಿಯಲ್ ಸ್ಕ್ರೂವಿನ ತಲೆ ತಿರುಗುತ್ತದೆ. ಸರಳು ಸುಲಭವಾಗಿ ಕೂರುತ್ತದೆ, ಭಾರ ಬಿದ್ದಾಗ ಜಾರಬಹುದೆಂಬ ಅನುಮಾನ ಮಾತ್ರ ಉಂಟು. ಎಕ್ಸ್-ರೇ ಮೇಲೆ ಗೆರೆ ಎಳೆದು, ಬೆನ್ನಿನ ಬಾಗು ಎಷ್ಟು ಡಿಗ್ರಿ ಇಳಿಯಿತೆಂದು ಅಳೆದು, ದಿನಾಂಕ ಸಹಿತ ಡೈರಿಯಲ್ಲಿ ಬರೆಯುತ್ತಿದ್ದೆ.

ಆಗಸ್ಟ್ 14ರಂದು ಬೀರಪ್ಪನನ್ನು ನಮ್ಮ ಆಸ್ಪತ್ರೆಗೆ ತಂದರು. ಇಟ್ಟಿಗಿ ಕಡೆಯ ಕುರಿಗಾರ, ವಯಸ್ಸು ಮೂವತ್ತೆರಡು. ಕುರಿಗಳಿಗೆ ಸೊಪ್ಪು ಕಡಿಯಲು ಮರ ಹತ್ತಿದವನು ಬಿದ್ದಿದ್ದ. ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ಮೊದಲ ಮಣಿ ಒಡೆದಿತ್ತು. ಎರಡು ಕಾಲಿಗೂ ಚಲನೆಯಿಲ್ಲ, ಸ್ಪರ್ಶವಿಲ್ಲ ಎಂದು ಬರೆದುಕೊಂಡೆ. ಬಿದ್ದ ಹೊಡೆತಕ್ಕೇ ನರ ಹೋಗಿದೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಮೂರನೆಯ ದಿನ ನಾಲ್ಕು ಮೋನೋಆಕ್ಸಿಯಲ್ ಸ್ಕ್ರೂ ಹಾಕಿದೆವು. ಇಪ್ಪತ್ತಾರು ಡಿಗ್ರಿಯಿದ್ದ ಬಾಗು ಐದಕ್ಕೆ ಇಳಿಯಿತು. ನನ್ನ ಪಟ್ಟಿಯಲ್ಲಿ ಅದಕ್ಕಿಂತ ಒಳ್ಳೆಯ ಫಲಿತಾಂಶ ಇರಲಿಲ್ಲ.

ಆರು ತಿಂಗಳ ತಪಾಸಣೆಗೆ ಅವನು ಬರಲಿಲ್ಲ. ಫೆಬ್ರುವರಿ ಕೊನೆಯ ಭಾನುವಾರ ಹಡಗಲಿಗೆ ಬಸ್ಸು ಹತ್ತಿ, ಅಲ್ಲಿಂದ ಟೆಂಪೊದಲ್ಲಿ ಅವನ ಊರಿಗೆ ಹೋದೆ. ಬೀರಪ್ಪ ಪಡಸಾಲೆಯ ಮಂಚದ ಮೇಲಿದ್ದ. ಹೆಂಡತಿ ಗಂಗವ್ವ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಪೃಷ್ಠದ ಮೇಲೆ ಅಂಗೈಯಗಲ ಹುಣ್ಣು. ಅದರ ಮೇಲ್ಗಡೆ ಬೆನ್ನು ಮಾತ್ರ ನೆಟ್ಟಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಬೀರಪ್ಪ ನಕ್ಕ. "ಬೆನ್ನು ಚಲೋ ಆಗೇತಂತ ಆಸ್ಪತ್ರ್ಯಾಗೂ ದಿನಾ ಹೇಳ್ತಿದ್ರಿ, ಸಾಹೇಬ್ರ. ಅದನ್ನ ಈ ಕಾಲಿಗೆ ಒಂದಿಷ್ಟು ಹೇಳ್ರಿ."

ಬಿದ್ದ ದಿನ ಏನಾಯಿತೆಂದು ಅವತ್ತು ಮೊದಲ ಸಲ ಕೇಳಿದೆ. ಗಂಗವ್ವನ ಅಣ್ಣ ಮೈಲಪ್ಪ ಉತ್ಸಾಹದಿಂದಲೇ ಹೇಳಿದ. "ಬಿದ್ದ ಮ್ಯಾಲೆ ಕಾಲು ಮಡಚಿದ್ದನ್ರಿ, ಬೆರಳೂ ಆಡಿಸ್ತಿದ್ದ. ಕಂಬಳ್ಯಾಗ ಹಾಕ್ಕೊಂಡು ನಾಕು ಮಂದಿ ನಾಕು ಮೂಲಿ ಹಿಡಿದು ರೋಡಿಗೆ ತಂದ್ವಿ. ನಮ್ಮಾಗ ಯಾರು ಬಿದ್ರೂ ಹಂಗ ತರೋದು. ಎರಡು ಮೈಲಿ, ಒಮ್ಮಿನೂ ನೆಲಕ್ಕ ಇಳಸಲಿಲ್ಲ."

ರಸ್ತೆಗೆ ಬಂದಾಗ ಕಾಲು ಹೇಗಿದ್ದವು ಎಂದೆ.

"ಸುಮ್ಮನಾಗಿದ್ವು. ದಣಿದಾನ ಅಂದ್ಕೊಂಡ್ವಿ."

ಕಂಬಳಿ ಜೋಲಿಯಂತೆ ಬಾಗುತ್ತದೆ, ಒಳಗಿನವನ ಬೆನ್ನೂ ಅದರೊಂದಿಗೆ ಬಾಗುತ್ತದೆ. ಒಡೆದ ಮೂಳೆಯ ಚೂರುಗಳು ಆ ಎರಡು ಮೈಲಿಯಲ್ಲಿ, ಹೆಜ್ಜೆ ಹೆಜ್ಜೆಗೂ, ನರವನ್ನು ಒತ್ತಿರಬೇಕು. ನಾನು ಡೈರಿ ತೆಗೆದು ಬರೆದುಕೊಳ್ಳುವುದನ್ನು ಕಂಡು ಮೈಲಪ್ಪನ ಮುಖ ಬದಲಾಯಿತು.

"ನಾವೇನರ ತಪ್ಪು ಮಾಡಿದ್ವೇನ್ರಿ?"

ಇಲ್ಲ ಎಂದೆ. ಕಾಲು ಯಾವಾಗ ಬರುತ್ತವೆ ಎಂದು ಗಂಗವ್ವ ಕೇಳಿದಳು. ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಬರಂಗಿಲ್ಲವ್ವ," ಎಂದೆ. ಅವಳು ಗಂಡನನ್ನು ಮತ್ತೆ ಅಂಗಾತ ಮಲಗಿಸಿದಳು.

ಯಾವ ಸ್ಕ್ರೂ ಮೇಲು ಎಂಬುದಕ್ಕೆ ಪ್ರಬಂಧದಲ್ಲಿ ಉತ್ತರ ಬರೆದೆ. ಆದರೆ ಸ್ಕ್ರೂ ಹಿಡಿಯುವುದು ಮೂಳೆಯನ್ನು, ನರವನ್ನಲ್ಲ. ಬಿದ್ದವನ ಕಾಲು ಆಗ ಆಡುತ್ತಿದ್ದವೇ, ಅವನನ್ನು ಯಾರು ಹೇಗೆ ಎತ್ತಿದರು ಎಂಬ ಪ್ರಶ್ನೆ ಮೊದಲು ಬರಬೇಕೆಂದು ಆ ಭೇಟಿ ನನಗೆ ಕಲಿಸಿತು. ಬಿದ್ದವರನ್ನು ಹಲಗೆಯ ಮೇಲೋ, ಕಿತ್ತ ಬಾಗಿಲಿನ ಮೇಲೋ ತರಬೇಕೆಂದು ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಆಸ್ಪತ್ರೆಗಳಿಗೆ ಹೋಗಿ ಹೇಳಿದೆ. ಆ ಬೇಸಿಗೆಯಲ್ಲಿ ಬೆನ್ನು ಮುರಿದ ಇನ್ನೂ ಮೂವರು ಬಂದರು, ಮೂವರೂ ಕಂಬಳಿಯಲ್ಲೇ. ಕಂಬಳಿಯ ಮೂಲೆ ಬಿಗಿಹಿಡಿದು ಹೊತ್ತು ತಂದವರ ಅಂಗೈಗಳು ಕೆಂಪಗೆ ಊದಿಕೊಂಡಿದ್ದವು.